ಪುಡಿಯೊಳಗಿನ ನೀರು

ನಮ್ಮದು ಇಪ್ಪತ್ತೆರಡು ವರ್ಷದ ಹಳೆಯ ಫ್ಲ್ಯಾಟು. ಗೀಸರ್ ಹಾಕಿದಾಗಲೆಲ್ಲ ಎಂಸಿಬಿ ಬೀಳುತ್ತಿತ್ತು. ವೈರಿಂಗ್ ಹುಡುಗ ಬಂದು ಸ್ವಿಚ್ ಬೋರ್ಡ್ ಬಿಚ್ಚಿದ. ವೈರಿನ ಹೊದಿಕೆ ಒಣಗಿದ ಹುಣಸೆಕಾಯಿಯ ಸಿಪ್ಪೆಯಂತಾಗಿತ್ತು, ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ‘ಪೂರ್ತಿ ಬದಲಾಯಿಸ್ಬೇಕು ಸಾರ್’ ಅಂದ. ಅಂಗಡಿಗೆ ಹೋದೆ.

ಅಂಗಡಿಯಾತ ಕೌಂಟರಿನ ಮೇಲೆ ಮೂರು ಕಾಯಿಲ್ ಸಾಲಾಗಿ ಇಟ್ಟ. ಮೊದಲನೆಯದು ಎಫ್‌ಆರ್, ಎರಡನೆಯದು ಎಫ್‌ಆರ್‌ಎಲ್‌ಎಸ್‌ಎಚ್, ಮೂರನೆಯದು ಎಚ್‌ಎಫ್‌ಎಫ್‌ಆರ್. ‘ಇದು ಬೇಗ ಬೆಂಕಿ ಹತ್ತಲ್ಲ. ಇದು ಹತ್ತಿದ್ರೂ ಹೊಗೆ ಕಡಿಮೆ. ಇದು ಹ್ಯಾಲೊಜೆನ್ನೇ ಇಲ್ದಿದ್ದು, ಟಾಪ್ ಕ್ವಾಲಿಟಿ, ರೇಟು ಜಾಸ್ತಿ.’

‘ಹ್ಯಾಲೊಜೆನ್ ಇಲ್ಲ ಸರಿ. ಅದರ ಬದಲು ಏನಿದೆ?’

ಆತ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ‘ಏನಿದೆ ಅಂತ ಯಾರೂ ಕೇಳಲ್ಲ ಸಾರ್.’

ಡಬ್ಬಿಯ ಮೇಲೂ ಬರೆದಿರಲಿಲ್ಲ. ಸಕ್ಕರೆ ಇಲ್ಲದ ಬಿಸ್ಕತ್ತು, ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ, ರಾಸಾಯನಿಕವಿಲ್ಲದ ಬೆಲ್ಲ ಎಂದೆಲ್ಲ ಕೊಂಡು ಕೊಂಡು ನಮಗೆ ‘ಇಲ್ಲ’ ಎಂಬುದೇ ಒಂದು ಗುಣವಾಗಿಬಿಟ್ಟಿದೆ. ಬೆಂಕಿಯ ವಿಷಯದಲ್ಲಿ ಈ ಅಭ್ಯಾಸ ಅಷ್ಟು ಒಳ್ಳೆಯದಲ್ಲ ಎಂದು ನನ್ನ ಎಣಿಕೆ. ಹ್ಯಾಲೊಜೆನ್ ಮುಕ್ತ ವೈರು ಬೇಡ ಎಂದು ನಾನು ಹೇಳುತ್ತಿಲ್ಲ. ನಾನು ಕೊಂಡದ್ದೂ ಅದನ್ನೇ. ಆದರೆ ಕೊಳ್ಳುವ ಕಾರಣ ಆ ‘ಮುಕ್ತ’ ಎಂಬ ಮಾತಲ್ಲ, ಅದರೊಳಗಿರುವ ಒಂದು ಬಿಳಿ ಪುಡಿ.

ಮೊದಲು ಹ್ಯಾಲೊಜೆನ್, ಅಂದರೆ ಕ್ಲೋರಿನ್, ಬ್ರೋಮಿನ್ನಿನಂಥವು, ಇರುವ ವೈರಿನ ಮಾತು. ಅಂಗಡಿಯಿಂದ ಮೂರೂ ಬಗೆಯ ಗೇಣುದ್ದದ ತುಂಡುಗಳನ್ನು ಬೇಡಿ ತಂದಿದ್ದೆ. ಹಳೆಯ ವೈರಿನಿಂದ ತಾಮ್ರದ ಎಳೆಯೊಂದನ್ನು ತೆಗೆದು, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿದೆ. ಉರಿಗೆ ಬೇರೆ ಬಣ್ಣವಿಲ್ಲ. ಬಿಸಿ ಎಳೆಯನ್ನು ಮೊದಲ ತುಂಡಿನ ಹೊದಿಕೆಗೆ ಒತ್ತಿ, ಅಂಟಿದ ಚೂರಿನ ಸಮೇತ ಮತ್ತೆ ಉರಿಗೆ ಹಿಡಿದೆ. ನೀಲಿ ಜ್ವಾಲೆಯ ಅಂಚಿನಲ್ಲಿ ಗಿಳಿಹಸಿರು ಭಗ್ಗೆಂದಿತು. ರಸಾಯನಶಾಸ್ತ್ರಜ್ಞ ಬೈಲ್‌ಸ್ಟೈನ್ 1872ರಲ್ಲಿ ಹೇಳಿಕೊಟ್ಟ ಪರೀಕ್ಷೆ ಇದು. ಹಸಿರು ಕಂಡರೆ ಕ್ಲೋರಿನ್ನೋ ಬ್ರೋಮಿನ್ನೋ ಇದೆ ಎಂದರ್ಥ. ಎರಡನೆಯ ತುಂಡಿಗೂ ಹಸಿರು. ಮೂರನೆಯದಕ್ಕೆ ಮೇಣದ ಬತ್ತಿಯ ಹಳದಿ, ಅಷ್ಟೆ. (ಕಿಟಕಿ ತೆರೆದು ಮಾಡಿದ್ದು. ಮಕ್ಕಳ ಕೈಲಿ ಮಾಡಿಸುವ ಆಟವಲ್ಲ ಇದು.)

ಆ ಹಸಿರಿಗೆ ಕಾರಣ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಶೇ. 57ರಷ್ಟು ಬರೀ ಕ್ಲೋರಿನ್. ವೈರಿಗೆ ಬೇಕಾದ ಮೆದುತನ ಬರಲು ಎಣ್ಣೆಯಂಥ ದ್ರವವನ್ನೂ, ಖರ್ಚು ಇಳಿಸಲು ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸುತ್ತಾರೆ. ಆದರೂ ಹೊದಿಕೆಯ ಅರ್ಧದಷ್ಟು ಪಿವಿಸಿಯೇ. ನಾನೊಂದು ಅಂದಾಜು ಲೆಕ್ಕ ಹಾಕಿದೆ. ಒಂದೂವರೆ ಚದರ ಮಿಲಿಮೀಟರಿನ 90 ಮೀಟರ್ ಕಾಯಿಲ್‌ನಲ್ಲಿ ತಾಮ್ರ ಬಿಟ್ಟು ಹೊದಿಕೆಯೇ 600 ಗ್ರಾಂ ದಾಟುತ್ತದೆ. ಅದಿಷ್ಟೂ ಸುಟ್ಟರೆ ನೂರು ಲೀಟರಿಗಿಂತ ಹೆಚ್ಚು ಹೈಡ್ರೋಜನ್ ಕ್ಲೋರೈಡ್ ಅನಿಲ ಏಳಬಹುದು. ಸುಣ್ಣಕಲ್ಲಿನ ಪುಡಿ ಹೀರಿಕೊಂಡು 60 ಲೀಟರ್ ಮಾತ್ರ ಉಳಿಯಿತು ಎನ್ನೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಅದು ಹರಡಿದರೆ ಗಾಳಿಯ ಹತ್ತು ಲಕ್ಷ ಪಾಲಿಗೆ ಎರಡು ಸಾವಿರ ಪಾಲಾಗುತ್ತದೆ. ಐವತ್ತು ಪಾಲಾದರೇ ಜೀವಕ್ಕೆ ಅಪಾಯ ಎಂದು ಕೈಗಾರಿಕಾ ಸುರಕ್ಷತೆಯವರ ಮಿತಿ. ಕಣ್ಣಿನ ಪಸೆಗೆ ಸೋಕಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣು ಬಿಡಲಾಗದವನು ಮೆಟ್ಟಿಲು ಹುಡುಕುವುದು ಹೇಗೆ?

ಹಾಗೆಂದು ಹ್ಯಾಲೊಜೆನ್ ಅಡ್ಡದಾರಿಯಿಂದ ಒಳಬಂದ ವಸ್ತುವಲ್ಲ. ಬೆಂಕಿ ತಡೆಯುವುದರಲ್ಲಿ ಅದು ನಿಜವಾಗಿಯೂ ಜಾಣ. ಉರಿ ಎಂಬುದು ಸರಪಳಿ ಕೆಲಸ: ಹೈಡ್ರೋಜನ್ನಿನ, ಹೈಡ್ರಾಕ್ಸಿಲಿನ ಪುಂಡ ತುಣುಕುಗಳು ಒಂದರಿಂದ ಇನ್ನೊಂದು ಹುಟ್ಟುತ್ತಾ ಹೋದರಷ್ಟೇ ಜ್ವಾಲೆ ಉಳಿಯುತ್ತದೆ. ಬ್ರೋಮಿನ್ ಜ್ವಾಲೆಯೊಳಕ್ಕೇ ನುಗ್ಗಿ ಆ ತುಣುಕುಗಳನ್ನು ಹಿಡಿದು ಕೂರಿಸುತ್ತದೆ. ಹಾಗಾಗಿ ಸ್ವಲ್ಪವೇ ಸಾಕು. ಟಿವಿಯ ಹಿಂಬದಿಯ ಪ್ಲಾಸ್ಟಿಕ್ಕಿಗೆ ನೂರಕ್ಕೆ ಹತ್ತು ಹದಿನೈದು ಪಾಲು ಬೆರೆಸಿದರೆ ಮುಗಿಯಿತು. ಬಣ್ಣ ಕೆಡುವುದಿಲ್ಲ, ಅಚ್ಚು ಕೆಡುವುದಿಲ್ಲ.

ಕೆಟ್ಟದ್ದು ಬೇರೆ ಕಡೆ. 1973ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಒಂದೇ ಕಾರ್ಖಾನೆ ಎರಡು ಪುಡಿ ಮಾಡುತ್ತಿತ್ತು. ಬೆಂಕಿ ತಡೆಯುವ ಬ್ರೋಮಿನ್ ಪುಡಿಗೆ ಫೈರ್‌ಮಾಸ್ಟರ್ ಎಂದು ಹೆಸರು, ಹಸುಗಳ ಮೇವಿಗೆ ಬೆರೆಸುವ ಮೆಗ್ನೀಸಿಯಂ ಆಕ್ಸೈಡಿಗೆ ನ್ಯೂಟ್ರಿಮಾಸ್ಟರ್. ಚೀಲ ಅದಲುಬದಲಾಗಿ ಬ್ರೋಮಿನ್ ಪುಡಿ ಮೇವಿಗೆ ಸೇರಿತು. ಪತ್ತೆಯಾಗುವ ಹೊತ್ತಿಗೆ ಹಾಲು, ಮಾಂಸ, ಮೊಟ್ಟೆಗಳ ದಾರಿಯಲ್ಲಿ ಅದು ರಾಜ್ಯದ ಲಕ್ಷಾಂತರ ಜನರ ಮೈ ಸೇರಿತ್ತು. ಸುಮಾರು 30,000 ದನಗಳನ್ನು ಕೊಂದು ಹೂಳಬೇಕಾಯಿತು. ಮೆಗ್ನೀಸಿಯಂ ಆಕ್ಸೈಡಿಗೆ ನೀರು ಕೂಡಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಇಂದಿನ ಹ್ಯಾಲೊಜೆನ್ ಮುಕ್ತ ಜ್ವಾಲಾರೋಧಕಗಳಲ್ಲಿ ಅದೂ ಒಂದು. ಅಂದು ಹಸುವಿನ ಬಾನಿಗೆ ಹೋಗಬೇಕಿದ್ದ ಚೀಲದ ನೆಂಟನೇ ಇಂದು ವೈರಿನ ಹೊದಿಕೆಗೆ ಬಂದಿದ್ದಾನೆ.

ಆಮೇಲೆ ಮಕ್ಕಳ ರಾತ್ರಿಯುಡುಪು. 1977ರಲ್ಲಿ ವಿಜ್ಞಾನಿಗಳಾದ ಆರ್ಲಿನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ‘ಟ್ರಿಸ್’ ಎಂಬ ಬ್ರೋಮಿನ್ ಲೇಪದ ಬಗ್ಗೆ ಎಚ್ಚರಿಸಿ ಬರೆದರು, ಅದೇ ವರ್ಷ ಅದು ಮಕ್ಕಳ ಬಟ್ಟೆಯಲ್ಲಿ ನಿಷೇಧವಾಯಿತು. ಬ್ರೋಮಿನ್ ಟ್ರಿಸ್ ಬಿಟ್ಟ ಜಾಗಕ್ಕೆ ಯಾರು ಬಂದರು? ಅದರ ತಮ್ಮ, ಕ್ಲೋರಿನ್ ಟ್ರಿಸ್. ಅದೂ ಅನುಮಾನಕ್ಕೆ ಒಳಗಾಗಿ ಉಡುಪಿನಿಂದ ಹೊರಬಿತ್ತು, ಸೋಫಾದ ಸ್ಪಂಜಿನಲ್ಲಿ ಹೋಗಿ ಕೂತಿತು. ಸ್ವೀಡನ್ನಿನಲ್ಲಿ ಕಾಪಿಟ್ಟ ತಾಯಿಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ 1972ರಿಂದ 1997ರವರೆಗೆ ಬ್ರೋಮಿನ್ ಜ್ವಾಲಾರೋಧಕಗಳ ಪ್ರಮಾಣ ಐದೈದು ವರ್ಷಕ್ಕೆ ಇಮ್ಮಡಿಯಾಗುತ್ತಾ ಬಂದದ್ದು ಕಂಡಿತು. ಯುರೋಪು 2006ರಿಂದ ವಿದ್ಯುತ್ ಸಾಮಾನುಗಳಲ್ಲಿ ಕೆಲವನ್ನು ಕಟ್ಟಿಹಾಕಿತು, ಸ್ಟಾಕ್‌ಹೋಮ್ ಎಂಬ ಅಂತರರಾಷ್ಟ್ರೀಯ ಒಪ್ಪಂದ 2009ರಲ್ಲೂ 2017ರಲ್ಲೂ ಇನ್ನಷ್ಟನ್ನು ನಿಷೇಧದ ಪಟ್ಟಿಗೆ ಸೇರಿಸಿತು, ನಮ್ಮ ಪರಿಸರ ಮಂತ್ರಾಲಯ 2018ರಲ್ಲಿ ನಿಯಮ ಮಾಡಿತು. ‘ಹ್ಯಾಲೊಜೆನ್ ಮುಕ್ತ’ ಎಂಬ ಮುದ್ರೆಗೆ ಬೆಲೆ ಬಂದದ್ದು ಹೀಗೆ.

ಈಗ ಬಿಳಿ ಪುಡಿಗೆ ಬರೋಣ. ಹೆಸರು ಅಲ್ಯುಮಿನಿಯಂ ಹೈಡ್ರಾಕ್ಸೈಡ್. ವೈರಿನ ಕಾರ್ಖಾನೆಯವರು ಎಟಿಎಚ್ ಎನ್ನುತ್ತಾರೆ. ನಮ್ಮಲ್ಲಿ ಬಹಳ ಮಂದಿ ಇದನ್ನು ಕುಡಿದಿದ್ದೇವೆ. ಮದುವೆಮನೆಯ ಊಟ ಜಾಸ್ತಿಯಾಗಿ ಎದೆಯುರಿ ಬಂದಾಗ ಕುಡಿಯುವ ಆ ಗಟ್ಟಿ ಸಿರಪ್ಪಿನಲ್ಲಿರುವುದು ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇವೇ. ಎದೆಯ ಉರಿಗೂ ಅದೇ, ಗೋಡೆಯೊಳಗಿನ ಉರಿಗೂ ಅದೇ. ಕೆಲಸದ ರೀತಿ ಮಾತ್ರ ಬೇರೆ.

ನೋಡಲಿಕ್ಕೆ ಒಣ ಪುಡಿ, ಮೈದಾಹಿಟ್ಟಿನ ಹಾಗೆ. ಆದರೆ ಅದರ ತೂಕದ ಮೂರನೇ ಒಂದು ಪಾಲಿಗೂ ತುಸು ಹೆಚ್ಚು, ಶೇ. 34.6ರಷ್ಟು, ನೀರಾಗಿ ಹೊರಬರಬಲ್ಲದ್ದು. ಹರಳಿನ ಕಟ್ಟಡದೊಳಗೇ ಬೆಸೆದುಕೊಂಡ ನೀರು ಅದು. ಬಿಸಿಲಿಗಿಟ್ಟರೆ ಹೋಗುವುದಿಲ್ಲ, ಹಿಂಡಿದರೆ ಬರುವುದಿಲ್ಲ. ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಬಿಗಿ ಸಡಿಲುತ್ತದೆ, ನೀರು ಆವಿಯಾಗಿ ಏಳುತ್ತದೆ. ಹಾಗೆ ಬಿಡಿಸಿಕೊಳ್ಳಲು ಗ್ರಾಂ ಒಂದಕ್ಕೆ ಒಂದು ಕಿಲೋಜೂಲಿಗಿಂತ ಹೆಚ್ಚು ಶಾಖ ಬೇಕು. ಅದನ್ನು ಬೆಂಕಿಯೇ ಕೊಡಬೇಕು. ಒಂದು ಕಿಲೋ ಪುಡಿ ಒಡೆಯುವಾಗ ಹೀರುವ ಶಾಖದಲ್ಲಿ ಮೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಎದ್ದ ಆವಿ ಉರಿಯುವ ಅನಿಲವನ್ನು ತೆಳುಮಾಡುತ್ತದೆ. ಉಳಿಯುವುದು ಅಲ್ಯುಮಿನಿಯಂ ಆಕ್ಸೈಡಿನ ಬಿಳಿ ಚಿಪ್ಪು. ಅದು ಕೆಳಗಿನ ಪ್ಲಾಸ್ಟಿಕ್ಕಿಗೆ ಕಂಬಳಿಯಂತೆ ಹೊದೆಯುತ್ತದೆ, ಹೊಗೆಯ ಮಸಿಯನ್ನೂ ಒಂದಷ್ಟು ತಡೆಯುತ್ತದೆ.

ಗ್ಯಾಸ್ ಏಜೆನ್ಸಿಯವರು ಸುರಕ್ಷತೆಯ ಪ್ರದರ್ಶನಕ್ಕೆ ಬಂದಾಗ ಉರಿಯುವ ಸಿಲಿಂಡರಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ತೋರಿಸುತ್ತಾರಲ್ಲ, ಇದೂ ಅದೇ. ಪ್ಲಾಸ್ಟಿಕ್ಕಿನ ಕಣಕಣದೊಳಗೆ ಒದ್ದೆ ಗೋಣಿಯನ್ನು ಅಡಗಿಸಿಟ್ಟ ಹಾಗೆ. ಬ್ರೋಮಿನ್ ಜ್ವಾಲೆಯ ಜತೆ ಜಾಣತನದಿಂದ ಕುಸ್ತಿ ಮಾಡಿದರೆ ಇದು ನೀರೆರಚುವ ಹಳ್ಳಿಯ ಬುದ್ಧಿ. ನನಗೆ ಇಷ್ಟವಾದದ್ದೂ ಅದೇ ಕಾರಣಕ್ಕೆ. ಉರಿದ ಮೇಲೆ ಅದು ಬಿಡುವುದೇನು ಎಂದು ಕೇಳಿದರೆ ಉತ್ತರ ಎರಡು ಪದದಲ್ಲಿ ಮುಗಿಯುತ್ತದೆ: ನೀರು, ಬೂದಿ. ಮೂರನೆಯ ತುಂಡನ್ನು ಹಳೆಯ ಸೌಟಿನಲ್ಲಿಟ್ಟು ಸುಟ್ಟಾಗ ವಿಭೂತಿಯ ಉಂಡೆ ಒಡೆದಂಥ ಪದರ ಉಳಿದಿತ್ತು.

ಉಪಾಯವೂ ಹೊಸದಲ್ಲ. ರೋಮಿನ ಸೇನಾಪತಿ ಸುಲ್ಲಾನ ಕಾಲದಲ್ಲಿ ಶತ್ರುಗಳು ಮರದ ಗೋಪುರಕ್ಕೆ ಪಟಿಕ ಬಳಿದಿದ್ದರಿಂದ ಅದು ಬೆಂಕಿ ಹಿಡಿಯಲಿಲ್ಲ ಎಂದು ಹಳೆಯ ಲ್ಯಾಟಿನ್ ಬರಹಗಾರರು ಹೇಳಿದ್ದಾರೆ. ಪಟಿಕದಲ್ಲೂ ಅಲ್ಯುಮಿನಿಯಂ ಇದೆ, ಹರಳಿಗೆ ಕಟ್ಟಿಕೊಂಡ ನೀರಿದೆ. ನಾಟಕಶಾಲೆಯ ಪರದೆಗೆ ಬೆಂಕಿ ಹತ್ತದಂತೆ ಅಮೋನಿಯಂ ಫಾಸ್ಫೇಟನ್ನು ಫ್ರಾನ್ಸಿನ ಗೇ-ಲುಸಾಕ್ 1821ರಲ್ಲೇ ಪ್ರಯೋಗಿಸಿದ್ದ. ಅದರಲ್ಲೂ ಹ್ಯಾಲೊಜೆನ್ ಇಲ್ಲ. ಇನ್ನು ನಮ್ಮ ಎಟಿಎಚ್ ತಯಾರಾಗುವುದು ಕಾರ್ಲ್ ಬಾಯರ್ 1880ರ ದಶಕದ ಕೊನೆಯಲ್ಲಿ ರಷ್ಯಾದಲ್ಲಿದ್ದಾಗ ಕಂಡುಹಿಡಿದ ವಿಧಾನದಿಂದ. ಹತ್ತಿಬಟ್ಟೆಗೆ ಬಣ್ಣ ಹಿಡಿಸುವ ಕಚ್ಚುಮದ್ದಿಗಾಗಿ ಆತ ಹುಡುಕುತ್ತಿದ್ದದ್ದು. ಬಾಕ್ಸೈಟ್ ಕಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಸೋಸಿ, ತಣಿಸಿದರೆ ಈ ಪುಡಿ ತಳಕ್ಕಿಳಿಯುತ್ತದೆ. ಬೆಳಗಾವಿಯ ಯಮನಾಪುರದಲ್ಲಿರುವ ಹಿಂಡಾಲ್ಕೊ ಕಾರ್ಖಾನೆ ಇಂಥ ಹೈಡ್ರೇಟ್ ಮತ್ತು ವಿಶೇಷ ಅಲ್ಯುಮಿನಾಗಳಿಗೇ ಹೆಸರಾದದ್ದು.

ದೋಷವೂ ಹೇಳಬೇಕು. ನೀರೆರಚುವವನಿಗೆ ಕೊಡಗಟ್ಟಲೆ ನೀರು ಬೇಕು. ಎಟಿಎಚ್ ಕೆಲಸ ಮಾಡಬೇಕಾದರೆ ಹೊದಿಕೆಯ ತೂಕದ ಶೇ. 60ರಷ್ಟಾದರೂ ಅದೇ ಇರಬೇಕು. ನನ್ನ ಕಾಯಿಲ್‌ನ ಲೆಕ್ಕದಲ್ಲಿ ಸುಮಾರು 400 ಗ್ರಾಂ ಪುಡಿ, ಅದರೊಳಗೆ 140 ಗ್ರಾಂ ನೀರು, ಅಂದರೆ ಒಂದು ಸಣ್ಣ ಲೋಟ. ಇಷ್ಟು ಹಿಟ್ಟು ತುಂಬಿದ ಪ್ಲಾಸ್ಟಿಕ್ ಸೊಟ್ಟಗೆ ಬಗ್ಗಿಸಿದಾಗ ಬಿರಿಯಬಹುದು, ತೇವ ಹೀರಬಹುದು. ಪುಡಿಯ ಮೈಗೆ ಬೇರೆ ಲೇಪ ಕೊಟ್ಟು ಪ್ಲಾಸ್ಟಿಕ್ಕಿನ ಜತೆ ಹೊಂದಿಸಬೇಕು. ಕಾರ್ಖಾನೆಯಲ್ಲಿ ಕರಗಿಸುವಾಗ ಶಾಖ 200 ಡಿಗ್ರಿಯ ಹತ್ತಿರ ಸುಳಿಯಬಾರದು, ಸುಳಿದರೆ ಬೆಂಕಿಗೆಂದು ಕಾಪಿಟ್ಟ ನೀರು ಯಂತ್ರದಲ್ಲೇ ಆವಿಯಾಗಿ ಹೊದಿಕೆಯೆಲ್ಲ ಗುಳ್ಳೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ 300 ಡಿಗ್ರಿ ದಾಟಿದರೂ ತಾಳುತ್ತದೆ, ಬೆಲೆ ಹೆಚ್ಚು. ಪುಡಿಯ ಹುಟ್ಟೂರಿನಲ್ಲೂ ಒಂದು ಲೆಕ್ಕ ಬಾಕಿ ಇದೆ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದಾಗ ಹೆಚ್ಚುಕಡಿಮೆ ಅಷ್ಟೇ ತೂಕದ, ಕೆಲವೊಮ್ಮೆ ಅದಕ್ಕೂ ಮೀರಿದ ಕೆಂಪು ಕೆಸರು ಉಳಿಯುತ್ತದೆ. ಹಂಗೇರಿಯ ಆಯ್ಕಾದಲ್ಲಿ 2010ರ ಅಕ್ಟೋಬರ್ 4ರಂದು ಅಂಥ ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ‘ಹ್ಯಾಲೊಜೆನ್ ಮುಕ್ತ’ ಎಂಬ ಮುದ್ರೆಯಲ್ಲಿ ಆ ಕೆಸರಿನ ಸುದ್ದಿ ಇಲ್ಲ.

ಅಂಗಡಿಯಲ್ಲಿ ಕೇಳಿದ ಪ್ರಶ್ನೆಯನ್ನು ನಾನು ಬಿಡದಿರುವುದು ಇದಕ್ಕೇ. ‘ಮುಕ್ತ’ ಎಂಬುದು ಒಂದು ವಸ್ತುವನ್ನು ಹೊರಗಟ್ಟುವ ಮಾತು, ಒಳಬಂದವನ ಹೆಸರು ಅದರಲ್ಲಿಲ್ಲ. ಆ ಹೊರಗಟ್ಟುವಿಕೆಯೂ ಪೂರ್ತಿಯಲ್ಲ. ಸರ್ಕ್ಯೂಟ್ ಬೋರ್ಡಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹತ್ತು ಲಕ್ಷಕ್ಕೆ 900 ಪಾಲು ಕ್ಲೋರಿನ್, ಬ್ರೋಮಿನ್ನೂ ಅಷ್ಟೇ, ಎರಡೂ ಸೇರಿ 1500ರೊಳಗಿದ್ದರೆ ಅದು ‘ಮುಕ್ತ’.

ಹೊರಗೆ ಹೋದವನಿಗಿಂತ ಒಳಗೆ ಬಂದವನು ಎಷ್ಟು ವಿಚಿತ್ರದವನಾಗಬಹುದು ಎಂಬುದಕ್ಕೆ ಟ್ರೈಕ್ರೆಸಿಲ್ ಫಾಸ್ಫೇಟ್ ಸಾಕು. ಪ್ಲಾಸ್ಟಿಕ್ಕನ್ನು ಮೆದುಮಾಡಿ ಬೆಂಕಿಯನ್ನೂ ತಡೆಯುವ ಎಣ್ಣೆಯಂಥ ದ್ರವ. ಕ್ಲೋರಿನ್ನಿಲ್ಲ, ಬ್ರೋಮಿನ್ನಿಲ್ಲ, ಮುದ್ರೆ ಒತ್ತಲು ಯಾವ ಅಡ್ಡಿಯೂ ಇಲ್ಲ. 1988ರಲ್ಲಿ ಕೋಲ್ಕತ್ತದ ಬೆಹಾಲಾದಲ್ಲಿ ಅಡುಗೆ ಎಣ್ಣೆಗೆ ಇದು ಬೆರೆತು ನೂರಾರು ಜನರ ಕೈಕಾಲು ಬಿದ್ದುಹೋಯಿತು. ಕೆಂಪು ರಂಜಕವೂ ಹ್ಯಾಲೊಜೆನ್ ಇಲ್ಲದ್ದೇ. ಬ್ರೋಮಿನ್ ಬಿಡುವ ಅವಸರದಲ್ಲಿ ಈ ಶತಮಾನದ ಆರಂಭದಲ್ಲಿ ಅದನ್ನು ಎಲೆಕ್ಟ್ರಾನಿಕ್ ಚಿಪ್‌ಗಳ ಕರಿ ಹೊದಿಕೆಗೆ ಬೆರೆಸಿದರು. ತೇವ ತಗುಲಿ ಆಮ್ಲವಾಗಿ, ಒಳಗಿನ ಲೋಹ ಒಂದು ಕಾಲಿನಿಂದ ಇನ್ನೊಂದಕ್ಕೆ ಹರಿದು, ಜಪಾನಿನ ಕಂಪನಿಯೊಂದರ ಹಾರ್ಡ್ ಡಿಸ್ಕ್‌ಗಳು ರಾಶಿರಾಶಿಯಾಗಿ ಕೈಕೊಟ್ಟವು.

ನನ್ನ ಮನೆಯ ಎಂಸಿಬಿಯನ್ನೇ ನೋಡಿ. ಇಂಥ ಪೆಟ್ಟಿಗೆಗಳ ಬಿಳಿ ಮೈ ಹಲವು ಬಾರಿ ನೈಲಾನ್ ಜಾತಿಯದು. ನೈಲಾನ್ ಕರಗುವುದೇ 220 ಡಿಗ್ರಿ ದಾಟಿದ ಮೇಲೆ, ಹಾಗಾಗಿ ಎಟಿಎಚ್ ಅಲ್ಲಿ ನಡೆಯುವುದಿಲ್ಲ. ಬೇಕಾದದ್ದು ಮೆಲಮಿನ್ ಸಯನುರೇಟ್. ಮೆಲಮಿನ್ನೂ ಸಯನುರಿಕ್ ಆಮ್ಲವೂ ಇಟ್ಟಿಗೆಗೆ ಇಟ್ಟಿಗೆ ಕೂಡಿದಂತೆ ಕೈಕೈ ಹಿಡಿದು ಕಟ್ಟಿದ ಬಿಳಿ ಪುಡಿ. ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು, 300 ಡಿಗ್ರಿಯವರೆಗೂ ಅಲುಗುವುದಿಲ್ಲ. ಬೆಂಕಿ ತಾಗಿದರೆ ಶಾಖ ಹೀರಿ ಒಡೆದು, ಉರಿಯದ ಸಾರಜನಕದ ಅನಿಲಗಳನ್ನು ಬಿಟ್ಟು, ಕರಗಿದ ನೈಲಾನನ್ನು ತೊಟ್ಟಿಕ್ಕಿಸಿ ಉರಿಯಿಂದ ದೂರ ಒಯ್ಯುತ್ತದೆ. ನೂರಕ್ಕೆ ಹತ್ತು ಪಾಲಿನ ಆಸುಪಾಸು ಸಾಕು. ಎಂಸಿಬಿಯೊಳಗೆ ಅದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಆದರೆ 2007ರಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದಾಗ ಒಳಗೆ ಸಿಕ್ಕ ಹರಳುಗಳು ಇದೇ ಮೆಲಮಿನ್ ಸಯನುರೇಟ್. ಪ್ರೋಟೀನು ಹೆಚ್ಚಿದೆಯೆಂದು ತೋರಿಸಲು ಗೋಧಿಯ ಅಂಟಿಗೆ ಮೆಲಮಿನ್ ಬೆರೆಸಿದ್ದರು, ಸಯನುರಿಕ್ ಆಮ್ಲವೂ ಜತೆಗಿತ್ತು, ಎರಡೂ ಮೂತ್ರಪಿಂಡದೊಳಗೆ ಸೇರಿ ಹರಳುಗಟ್ಟಿದವು. ಕರಗದಿರುವ ಗುಣ ಪ್ಲಾಸ್ಟಿಕ್ಕಿನಲ್ಲಿ ವರ, ಮೂತ್ರನಾಳದಲ್ಲಿ ಸಾವು. ವಸ್ತು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಅದು ಎಲ್ಲಿದೆ ಎಂದು ಕೇಳದೆ ಉತ್ತರವಿಲ್ಲ.

ಹಾಗಾದರೆ ದುಬಾರಿ ವೈರು ಏಕೆ ಕೊಂಡೆ? ಪಿವಿಸಿಯ ಪರವಾದ ವಾದ ಬಲವಾದದ್ದೇ. ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಅಗ್ಗ, ದಶಕಗಳಿಂದ ಪರಿಚಿತ, ನೆಲದಡಿಯ ಕೇಬಲ್ಲಿಗೆ ಅದರಷ್ಟು ಗಟ್ಟಿಗ ಸಿಗುವುದು ಕಷ್ಟ. ಬೆಂಕಿಯಲ್ಲಿ ಜನರನ್ನು ಹೆಚ್ಚಾಗಿ ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್, ಅದನ್ನು ಎಲ್ಲ ಪ್ಲಾಸ್ಟಿಕ್ಕೂ ಬಿಡುತ್ತದೆ, ಹ್ಯಾಲೊಜೆನ್ ಇಲ್ಲದ್ದೂ ಕೂಡ. ಇದೆಲ್ಲ ಒಪ್ಪಿದೆ. ತೋಟದ ಪಂಪ್‌ಸೆಟ್ಟಿಗೆ ಹೋಗುವ ಕೇಬಲ್ಲಿಗೆ ಈ ಪುಡಿಯ ಹಂಗೇ ಬೇಡ. ಆದರೆ ಜನ ಓಡಿಹೋಗಬೇಕಾದ ದಾರಿಯಲ್ಲಿ, ಅಂದರೆ ಮೆಟ್ಟಿಲು, ಲಿಫ್ಟಿನ ಪಕ್ಕದ ಡಕ್ಟು, ಆಸ್ಪತ್ರೆ, ನೆಲದಡಿಯ ಮೆಟ್ರೋ ಇಂಥ ಕಡೆ, ಕಣ್ಣು ಕಾಣುವುದೇ ಪ್ರಾಣ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟಿನಲ್ಲಿ ಎದ್ದ ಬೆಂಕಿ ದೊಡ್ಡದೇನಲ್ಲ. ಹೊಗೆ ಮಾತ್ರ ಮೇಲಿನ ಮಹಡಿಗಳನ್ನೆಲ್ಲ ತುಂಬಿತು. ಉಸಿರು ಸಿಗದೆ ಕಿಟಕಿಯಿಂದ ಹಾರಿದವರೂ ಸೇರಿ ಒಂಬತ್ತು ಜನ ಹೋದರು. ಡಕ್ಟು ಎಂದರೆ ಕಟ್ಟಡದ ಚಿಮಣಿ. ಅಲ್ಲಿ ಸುಡುವುದು ಏನು ಎಂಬುದು ಎಷ್ಟು ಸುಡುತ್ತದೆ ಎಂಬುದಕ್ಕಿಂತ ಮುಖ್ಯ.

ಇನ್ನೊಂದು ಕಾರಣ ನಮ್ಮ ನಾಡಿನದೇ. ಗೋಡೆಯೊಳಗಿನ ವೈರು ಅಪಘಾತಕ್ಕೆ ಸುಡುವ ಸಾಧ್ಯತೆ ಕಡಿಮೆ. ಆದರೆ ಗುಜರಿಗೆ ಹೋದ ಮೇಲೆ ತಾಮ್ರಕ್ಕಾಗಿ ಬಯಲಲ್ಲಿ ಅದನ್ನು ಸುಡುವವರಿದ್ದಾರೆ. ವೈರಿಗೆ ಅದು ಅಂತ್ಯಸಂಸ್ಕಾರ. ಕ್ಲೋರಿನ್ನೂ ತಾಮ್ರವೂ ಒಟ್ಟಿಗೆ ಅರೆಬರೆ ಸುಟ್ಟಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆ ಹೊಗೆಯ ಪಕ್ಕ ಕೂತು ತಾಮ್ರ ಆರಿಸುವವನು ನನ್ನ ವೈರಿನ ಡಬ್ಬಿಯನ್ನು ಓದಿದವನಲ್ಲ. ಎಟಿಎಚ್ ಹೊದಿಕೆಯ ಹೊಗೆಯೂ ಹೊಗೆಯೇ, ಆದರೆ ಅದರಲ್ಲಿ ಡಯಾಕ್ಸಿನ್ನಿಗೆ ಬೇಕಾದ ಕ್ಲೋರಿನ್ ಇಲ್ಲ. ಇಲ್ಲಿ ಮಾತ್ರ ‘ಇಲ್ಲ’ ಎಂಬುದಕ್ಕೆ ನಾನು ಪೂರ್ತಿ ಬೆಲೆ ಕೊಡುತ್ತೇನೆ.

ಕಾಯಿಲ್‌ಗಳು ಬಂದವು. ಹುಡುಗ ಸ್ಪ್ರಿಂಗ್ ಹಾಕಿ ವೈರು ಎಳೆಯುತ್ತಾ ನಕ್ಕ. ‘ಸಾರ್, ಹ್ಯಾಲೊಜೆನ್ ಇಲ್ದಿರೋ ವೈರು ತಂದ್ರಿ, ಎಳೀತಿರೋದು ಪಿವಿಸಿ ಪೈಪೊಳಗೆ.’ ಅವನ ಮಾತಿಗೆ ಎದುರಿಲ್ಲ. ಗೋಡೆಯೊಳಗೆ, ಗಾರೆಯ ಕೆಳಗೆ ಹೂತ ಪೈಪಿಗೆ ಅಷ್ಟು ಹೆದರಬೇಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೆಟ್ಟಿಲ ಬಳಿ ಹೊರಗೆ ಕಾಣುವಷ್ಟು ಉದ್ದಕ್ಕೆ ಮಾತ್ರ ಕಬ್ಬಿಣದ ಪೈಪು ಹಾಕಲು ಹೇಳಿದೆ.

ಮೀಟರಿನಿಂದ ಮೇಲೆ ಬರುವ ವೈರು ಬದಲಿಸಲು ಮಹಡಿಯ ಡಕ್ಟಿನ ಬಾಗಿಲು ತೆಗೆಯಬೇಕಾಯಿತು. ಬೀಗದ ಕೈ ಹುಡುಕಲು ಎರಡು ದಿನ ಹಿಡಿಯಿತು. ಒಳಗೆ ಕೇಬಲ್ಲುಗಳಿಗೆ ಒರಗಿ ಎರಡು ಪೊರಕೆ, ಹಳೇ ಪೇಪರಿನ ಕಟ್ಟು, ಅರ್ಧ ಉಳಿದ ಟರ್ಪೆಂಟೈನ್ ಡಬ್ಬ, ಅವುಗಳ ಮೇಲೆ ಬಣ್ಣದ ಕಾಗದ ಅಂಟಿಸಿದ ಥರ್ಮಾಕೋಲಿನ ದೊಡ್ಡ ಮಂಟಪ. ಇದನ್ನೆಲ್ಲ ತೆಗೆಸಬೇಕಲ್ಲ ಎಂದು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ.

‘ತೆಗೆಸೋಣ ಸಾರ್’ ಅಂದರು, ‘ಆದರೆ ಆ ಮಂಟಪ ಮುಂದಿನ ಗಣಪತಿಗೆ ಬೇಕಲ್ಲ, ಎಲ್ಲಿಡೋಣ ಹೇಳಿ?’